ಎಡಗೈಯ ಉಗುರು

ಬಲಗೈಯ ಉಗುರುಗಳನ್ನು ಯಾರೋ ಒಪ್ಪವಾಗಿ ಕತ್ತರಿಸಿದ್ದರು. ಎಡಗೈಯವು ಬೆಳೆದು, ತುದಿಯಲ್ಲಿ ಹಳದಿಯಾಗಿ, ಒಳಕ್ಕೆ ಬಾಗಲು ಶುರುವಾಗಿದ್ದವು. ಎರಡೂ ಕೈಗಳು ಒಂದೇ ಕಂಬಳಿಯ ಮೇಲೆ ಅಕ್ಕಪಕ್ಕದಲ್ಲಿದ್ದವು.

"ಈ ಕೈಯದನ್ನ ಯಾಕೆ ಬಿಟ್ಟಿದ್ದೀರಿ?" ಎಂದು ಕೇಳಿದೆ.

ಮಂಚದ ಮೇಲಿದ್ದ ಹೆಂಗಸು ಬಲಗಡೆಯ ಕಿಟಕಿಯನ್ನೇ ನೋಡುತ್ತ ಹೇಳಿದರು: "ನನ್ನವು ಸೊಸೆ ಕತ್ತರಿಸಿದ್ಳು. ಅವ್ಳವನ್ನ ಅವ್ಳನ್ನ ಕೇಳ್ದೆ ಹೆಂಗವ್ವ ಮುಟ್ಟೋದು?"

ಅವರಿಗೆ ಐವತ್ತೈದರ ಸುಮಾರು. ಹಾನುಬಾಳಿನಿಂದ ಜೀಪಿನಲ್ಲಿ ಹೋಗಬೇಕಾದ ಊರಿನಲ್ಲಿ ಸಣ್ಣ ಕಾಫಿ ತೋಟದ ಯಜಮಾನಿ. ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು ಎಡಭಾಗ ಬಿದ್ದುಹೋಗಿತ್ತು. ಮಾತು, ಬುದ್ಧಿ, ನೆನಪು ಎಲ್ಲವೂ ನೆಟ್ಟಗಿದ್ದವು. ಆದರೆ ಅವರ ಪಾಲಿಗೆ ಜಗತ್ತಿನಲ್ಲಿ ಎಡಗಡೆ ಎಂಬುದೇ ಇರಲಿಲ್ಲ. ತಟ್ಟೆಯ ಬಲ ಅರ್ಧದ ಅನ್ನ ಉಂಡು, ಹೊಟ್ಟೆ ತುಂಬಲಿಲ್ಲವೆಂದು ಇನ್ನಷ್ಟು ಬಡಿಸಿಕೊಳ್ಳುತ್ತಿದ್ದರು. ಎಡ ಅರ್ಧ ಹಾಗೇ ಉಳಿದಿರುತ್ತಿತ್ತು. ಮಿದುಳಿನ ಬಲಭಾಗಕ್ಕೆ ಪೆಟ್ಟಾದಾಗ ಹೀಗಾಗುವುದುಂಟು. ಕೆಲವರು ತಮ್ಮದೇ ಕೈಯನ್ನು ಬೇರೆಯವರದೆಂದು ಹೇಳುವುದೂ ಉಂಟು. ಇದನ್ನು ಪಠ್ಯದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಎದುರಿಗೆ ಕಂಡದ್ದು ಅಂದೇ ಮೊದಲು.

ನನಗೆ ಬೇಕಾದದ್ದು ಇಂಥ ಒಂದು ಕೇಸು. ಫಿಸಿಯೋಥೆರಪಿ ಪದವಿ ಮುಗಿಸಿ ಸಕಲೇಶಪುರದ ಒಂದು ಚಿಕ್ಕ ಆಸ್ಪತ್ರೆಯಲ್ಲಿ ತಾತ್ಕಾಲಿಕ ಕೆಲಸಕ್ಕಿದ್ದೆ. ಸ್ನಾತಕೋತ್ತರ ಪ್ರವೇಶಕ್ಕೆ ಮಂಗಳೂರಿನ ಕಾಲೇಜು ಕೇಳಿದ್ದರಲ್ಲಿ ಪದವಿ, ಇಂಟರ್ನ್‌ಶಿಪ್, ಪ್ರವೇಶ ಪರೀಕ್ಷೆ, ಮೂರೂ ಆಗಿದ್ದವು. ನರರೋಗ ವಿಭಾಗ ಬಯಸುವವರು ಇನ್ನೊಂದು ಕೆಲಸ ಮಾಡಬೇಕಿತ್ತು. ಒಬ್ಬ ರೋಗಿಯನ್ನು ಮೂರು ತಿಂಗಳು ಸ್ವತಃ ನೋಡಿಕೊಂಡು, ಆರಂಭದಿಂದ ಕೊನೆಯವರೆಗಿನ ಅಳತೆಗಳೊಂದಿಗೆ ಸಂದರ್ಶನದಲ್ಲಿ ಮಂಡಿಸಬೇಕು. ಕೊನೆಯ ಪರೀಕ್ಷೆಯನ್ನು ಹಿರಿಯ ಫಿಸಿಯೋಥೆರಪಿಸ್ಟ್ ಒಬ್ಬರು ಎದುರಿಗಿದ್ದು ನೋಡಬೇಕು. ಆ ವಿಭಾಗಕ್ಕಿದ್ದ ಸೀಟು ಎರಡೇ. ಈ ವರ್ಷ ತಪ್ಪಿದರೆ ನನ್ನ ಈಗಿನ ಕೆಲಸವೂ ಇರುತ್ತಿರಲಿಲ್ಲ. ಈಗಾಗಲೇ ಅಲ್ಲಿ ಓದುತ್ತಿದ್ದ ಸೀನಿಯರ್ ಒಬ್ಬಳು ಫೋನಿನಲ್ಲಿ ಎಚ್ಚರಿಸಿದ್ದಳು: "ಒಬ್ಬರು ಪ್ರೊಫೆಸರ್ ಇದಾರೆ. ಮೊದಲು ಎರಡೂ ಕೈ ಮುಂದೆ ಮಾಡು ಅಂತಾರೆ. ಉಗುರು ಬೆಳೆದಿದ್ರೆ ಕೇಸು ಕೇಳೋದೇ ಇಲ್ಲ, ಮನೆಗೆ ಹೋಗು ಅಂತಾರೆ."

ನನ್ನ ಮೇಲ್ವಿಚಾರಕರು ವಾರಕ್ಕೊಮ್ಮೆ ಹಾಸನದಿಂದ ಬರುತ್ತಿದ್ದರು. ನಾವು ಅವರನ್ನು ಸರ್ ಎಂದಷ್ಟೇ ಕರೆಯುತ್ತಿದ್ದೆವು. ನನ್ನ ವಿವರಣೆ ಕೇಳಿ ಅವರ ಮುಖ ಅರಳಿತು. "ಇಂಥ ಕೇಸು ಹುಡುಕಿದರೂ ಸಿಗಲ್ಲ. ಕೈಬಿಡಬೇಡ."

ಕಾಫಿ ಕುಯ್ಲಿನ ದಿನಗಳವು. ಬೆಳಗಿನ ಮಂಜು ಕರಗುವ ಹೊತ್ತಿಗೆ ಆ ಮನೆಯವರೆಲ್ಲ ತೋಟದಲ್ಲೋ ಕಾಫಿ ಒಣಗಿಸುವ ಕಣದಲ್ಲೋ ಇರುತ್ತಿದ್ದರು. ಹಾನುಬಾಳಿನಿಂದ ನನ್ನನ್ನು ಕರೆದೊಯ್ಯುತ್ತಿದ್ದ ಜೀಪಿನವನು ಹಾರ್ನ್ ಹೊಡೆದು, "ಕರೆಂಟ್ ಡಾಕ್ಟ್ರಮ್ಮ ಬಂದ್ರು ಕಣ್ರೋ!" ಎಂದು ಕೂಗಿ ಇಳಿಸಿಹೋಗುತ್ತಿದ್ದ. ನಾನು ಯಾರಿಗೂ ಕರೆಂಟ್ ಕೊಡುತ್ತಿರಲಿಲ್ಲ. ಅದಕ್ಕೆ ಬೇಕಾದ ಯಂತ್ರವೇ ನಮ್ಮ ಆಸ್ಪತ್ರೆಯಲ್ಲಿರಲಿಲ್ಲ. ಹೇಳಿ ಹೇಳಿ ಸಾಕಾಗಿ ಸುಮ್ಮನಾದೆ. ಹಗಲಿನಲ್ಲಿ ಆ ಮನೆಯೊಳಗೆ ಕೇಳುತ್ತಿದ್ದದ್ದು ಎರಡೇ ಸದ್ದು. ಒಂದು ಕಣದಲ್ಲಿ ಕಾಫಿ ಹಣ್ಣನ್ನು ಮರದ ಹಲುಬೆಯಿಂದ ಎಳೆದು ಹರಡುವ ಬರಬರ ಸದ್ದು, ಇನ್ನೊಂದು ಯಜಮಾನಿ ಯಾರ ಜೊತೆಗೋ ತಗ್ಗಿದ ದನಿಯಲ್ಲಿ ಮಾತಾಡುವುದು. ನಾನು ಒಳಗೆ ಕಾಲಿಟ್ಟೊಡನೆ ಆ ಮಾತು ನಿಲ್ಲುತ್ತಿತ್ತು.

ಮೊದಲ ವಾರವೇ ಎಡವಿದೆ. ಇಂಥ ರೋಗಿಯ ಎಡಗಡೆಯಿಂದಲೇ ಜನ ಬರಬೇಕು, ಮಾತು ಬರಬೇಕು, ಊಟ ಬರಬೇಕು. ಆಗ ಮಿದುಳು ಆ ಕಡೆ ತಿರುಗಲು ಕಲಿಯುತ್ತದೆ. ಬಾಗಿಲು ಅವರ ಎಡಕ್ಕೆ ಬರುವಂತೆ ಮಂಚ ತಿರುಗಿಸಿದೆ. ಮರುದಿನ ಹೋದಾಗ ಮಂಚ ಹಳೆಯ ಜಾಗದಲ್ಲೇ ಇತ್ತು. ಸೊಸೆ ಬಾಗಿಲಲ್ಲಿ ನಿಂತಿದ್ದಳು.

"ಏನ್ ಮೇಡಂ ನೀವು, ಓದ್ದೋರಾಗಿ! ಬಡಗಣಕ್ಕೆ ತಲೆ ಮಾಡಿ ಮಲಗ್ಸಿ ಹೋಗ್ಬುಟ್ರಿ. ಹೆಣಾನಾ ಇದು? ಮಾವ ಬಂದು ನೋಡಿ ಎದೆ ಹಿಡ್ಕೊಂಡ್ರು."

ಕೀಲುಗಳ ಕೋನ ಅಳೆಯುವ ಗಡಿಬಿಡಿಯಲ್ಲಿ ದಿಕ್ಕು ನೋಡಿರಲಿಲ್ಲ. ಮಂಚ ಬಿಟ್ಟು, ಕುರ್ಚಿಯನ್ನು ಅವರ ಎಡಕ್ಕೆ ಹಾಕಿಕೊಂಡೆ.

ಕುರ್ಚಿ ಹಾಕಿದ್ದೇ ಯಜಮಾನಿ ಗಾಬರಿಯಾದರು. "ಅಲ್ಲಿ ಕೂರ್ಬೇಡ ಮಗಾ. ಅವ್ಳ ಮೇಲೆ ಕೂತ್ಬಿಡ್ತೀಯ."

"ಯಾರ ಮೇಲೆ?"

"ಅಕ್ಕನ ಮೇಲೆ."

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಯಜಮಾನರ ಮೊದಲ ಹೆಂಡತಿ, ಮದುವೆಯಾದ ಎರಡನೇ ವರ್ಷಕ್ಕೆ ತೀರಿಕೊಂಡವಳು. ಯಜಮಾನಿ ಆಕೆಯನ್ನು ನೋಡಿರಲೇ ಇಲ್ಲ. ಮನೆಯಲ್ಲಿ ಆಕೆಯ ಫೋಟೋ ಕೂಡ ಇರಲಿಲ್ಲ. ಆದರೂ ಎರಡನೆಯವಳಾಗಿ ಈ ಮನೆಗೆ ಬಂದ ದಿನದಿಂದ ಸವತಿ ತಾಳಿಯನ್ನು ಕತ್ತಿನಲ್ಲಿ ಹಾಕಿಕೊಂಡಿದ್ದರು. ಸತ್ತ ಮೊದಲ ಹೆಂಡತಿಯ ಹೆಸರಿನಲ್ಲಿ ಮಾಡಿಸುವ, ಹೆಂಗಸಿನ ರೂಪ ಒತ್ತಿದ ಬೆಳ್ಳಿಯ ಸಣ್ಣ ಬಿಲ್ಲೆ ಅದು. ಹೊಸ ಸೀರೆ ಉಡುವ ಮೊದಲು ಅದಕ್ಕೆ ಮುಟ್ಟಿಸಿ ಉಡಬೇಕು. ಹೂವನ್ನೂ ಮೊದಲು ಅದಕ್ಕೆ ಸೋಕಿಸಿ ಆಮೇಲೆ ತಾನು ಮುಡಿಯಬೇಕು.

"ಈಗ ಎಲ್ಲಿದೆ ಅದು?" ಎಂದೆ. ಅವರ ಕತ್ತಿನಲ್ಲಿ ತಾಳಿ ಮಾತ್ರ ಇತ್ತು.

"ಹಾಸನ್ದಲ್ಲಿ ತಲೆ ಸ್ಕ್ಯಾನ್ ಮಾಡೋವಾಗ ಎಲ್ಲ ಬಿಚ್ಚಿಸಿದ್ರು. ದೇವರ ಪೆಟ್ಟಿಗೇಲೈತೆ ಅಂತಾರೆ ಇವ್ರು. ಶುದ್ಧ ಮಾಡಿ ಹಾಕ್ತೀವಿ ಅಂತಾರೆ, ಹಾಕಲ್ಲ. ಅದ್ಕೇ ಪಾಪ, ಅವ್ಳಿಗೆ ಜಾಗ ಇಲ್ದೆ ಬಂದು ನನ್ನ ಪಕ್ಕ ಮಲಗವ್ಳೆ." ಕಂಬಳಿಯ ಮೇಲಿನ ಎಡಗೈ ಕಡೆ ಕಣ್ಣು ಹೊರಳಿಸದೆ, ಗದ್ದದಲ್ಲಷ್ಟೇ ತೋರಿಸಿದರು. "ಕೈಯೊಂದು ಕಾಣ್ತದೆ. ಮಿಕ್ಕಿದ್ದು ಕಾಣಲ್ಲ."

ನಾನು ನನ್ನ ಕೆಲಸ ಮಾಡಿದೆ. ಹೆಗಲು ಜಾರದಂತೆ ದಿಂಬಿಟ್ಟು, ಮೊಣಕೈ ಬಿಡಿಸಿ, ಅಂಗೈಯನ್ನು ಹಾಸಿಗೆಗೆ ಊರಿಸಿ ಮೈಭಾರ ಹಾಕಿಸುವುದು. ಪ್ರತಿದಿನ ಮೊಣಕೈ ಎಷ್ಟು ಬಿಚ್ಚಿಕೊಳ್ಳುತ್ತದೆಂದು ಕೋನಮಾಪಕದಲ್ಲಿ ಅಳೆಯುವುದು. ನಾನು ಮುಟ್ಟಿದೊಡನೆ ಅವರು ಮುಖ ತಿರುಗಿಸುತ್ತಿದ್ದರು. ಸ್ನಾಯು ಬಿಗಿದು ಕೈ ಎದೆಗೆ ಮಡಚಿಕೊಳ್ಳುತ್ತಿತ್ತು. "ಕೇಳು ಮಗಾ, ಕೇಳಿ ಮುಟ್ಟು," ಎನ್ನುತ್ತಿದ್ದರು.

ಒಂದು ದಿನ ಬೇಸತ್ತು, ತಮಾಷೆಯೂ ಅಲ್ಲದ ನಂಬಿಕೆಯೂ ಅಲ್ಲದ ದನಿಯಲ್ಲಿ, "ಅಕ್ಕಾ, ಹಿಡ್ಕೊಳ್ಲಾ?" ಎಂದೆ.

"ಕಾಯಿ," ಎಂದರು ಯಜಮಾನಿ. ಕಾದೆ. ಕಣದ ಸದ್ದು ನಿಂತು ಮತ್ತೆ ಶುರುವಾಯಿತು. "ಹ್ಞೂಂ ಅಂದ್ಳು. ಈಗ ಹಿಡಿ."

ಕೈ ಮೆತ್ತಗಿತ್ತು. ಮೊಣಕೈ ಹಿಂದೆಂದಿಗಿಂತ ಹೆಚ್ಚು ಬಿಚ್ಚಿಕೊಂಡಿತು. ಆತಂಕ ಕಡಿಮೆಯಾದರೆ ಬಿಗಿತ ಕಡಿಮೆಯಾಗುತ್ತದೆ. ಇದರಲ್ಲಿ ವಿಚಿತ್ರವೇನೂ ಇಲ್ಲ. ಅಂದಿನಿಂದ ಕೇಳುವುದನ್ನು ವಿಧಾನದ ಒಂದು ಹಂತವನ್ನಾಗಿ ಮಾಡಿಕೊಂಡೆ. ಎಷ್ಟೋ ದಿನ "ಬೇಡ ಅಂದ್ಳು" ಎಂಬ ಉತ್ತರ ಬರುತ್ತಿತ್ತು. ಆ ದಿನ ಕಾಲಿನ ವ್ಯಾಯಾಮ ಮಾತ್ರ ಮಾಡಿಸಿ ಹೊರಡುತ್ತಿದ್ದೆ.

"ನಿಮಗೆ ಹೇಗೆ ಗೊತ್ತಾಗುತ್ತೆ, ಬೇಡ ಅಂದ್ಳು ಅಂತ?"

"ಗೊತ್ತಾಗ್ತದೆ. ಉತ್ತರ ಬರ್ದೇ ಇದ್ರೂ ಬೇಡ ಅಂತ್ಲೇ ಅರ್ಥ." ನಕ್ಕರು. ಅವರ ನಗುವೂ ಮುಖದ ಬಲಗಡೆಯಲ್ಲಿ ಮಾತ್ರ. "ನಿಂಗೂ ಗೊತ್ತಾಗ್ತದೆ, ಒಂದಿನ."

ಅಂಥದೇ ಒಂದು ಮಧ್ಯಾಹ್ನ ಅವರಿಗೆ ಆಕಳಿಕೆ ಬಂತು. ಬಾಯಿ ಅಗಲವಾಗುತ್ತಿದ್ದಂತೆ ಕಂಬಳಿಯ ಮೇಲಿದ್ದ ಎಡಗೈ ತಾನಾಗಿ ಮೇಲೆದ್ದಿತು. ಯಾರೋ ಮಣಿಕಟ್ಟು ಹಿಡಿದು ಎತ್ತಿದ ಹಾಗೆ ಎದೆಯ ಮಟ್ಟಕ್ಕೆ ಬಂದು ನಿಂತಿತು. ಉದ್ದ ಉಗುರುಗಳ ಬೆರಳು ನಿಧಾನವಾಗಿ ಅರಳಿದವು. ಆಕಳಿಕೆ ಮುಗಿದಾಗ ಕೈ ಇಳಿಯಿತು. ಯಜಮಾನಿ ಇದಾವುದನ್ನೂ ನೋಡಲಿಲ್ಲ; ಕಿಟಕಿಯ ಕಡೆ ತಿರುಗಿದ್ದರು. ಬಾಗಿಲಲ್ಲಿ ಕಾಫಿ ಲೋಟ ಹಿಡಿದಿದ್ದ ಸೊಸೆ ನೋಡಿದಳು. ಲೋಟ ಕೆಳಗೆ ಬಿತ್ತು.

ಅವಳನ್ನು ಅಡುಗೆಮನೆಗೆ ಕರೆದೊಯ್ದು ಕೂರಿಸಿದೆ. ಪಾರ್ಶ್ವವಾಯುವಾದವರಲ್ಲಿ ಆಕಳಿಸುವಾಗ ಬಿದ್ದ ಕೈ ಏಳುವುದುಂಟು, ಆಕಳಿಕೆಯ ಅಪ್ಪಣೆ ಮಿದುಳಿನ ಬೇರೆ ದಾರಿಯಿಂದ ಹೊರಡುತ್ತದೆ, ಅದನ್ನು ರೋಗಿ ತಡೆಯಲಾರ ಎಂದು ವಿವರಿಸಿದೆ. ಗಮನವಿಟ್ಟು ಕೇಳಿದಳು.

"ಅಂದ್ರೆ, ಆಕಳಿಸೋದು ಇವ್ರು. ಇವ್ರಿಗೆ ಗೊತ್ತಿಲ್ದಂಗೆ ಕೈ ಎತ್ತೋದು ಇನ್ನೊಂದು."

"ಒಂದರ್ಥದಲ್ಲಿ ಹಾಗೇ."

"ಅದ್ನೇ ಅಲ್ವಾ ಮೇಡಂ ನಾವೂ ಹೇಳ್ತಿರೋದು?"

ಹಿಂದಿರುಗುವಾಗ ಜೀಪಿನಲ್ಲಿ ನನಗೂ ಆಕಳಿಕೆ ಬಂತು. ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ.

ಕನ್ನಡಿಯ ವಿಷಯ ಆಕಸ್ಮಿಕ. ಕೂರಿಸಿದಾಗ ಯಜಮಾನಿ ಎಡಕ್ಕೆ ವಾಲುತ್ತಿದ್ದರು. ತಾನು ವಾಲಿದ್ದು ಕಾಣಲಿ ಎಂದು ಬೀರುವಿನ ಬಾಗಿಲು ತೆರೆದು, ಅದರ ಉದ್ದ ಕನ್ನಡಿಯ ಎದುರು ಕೂರಿಸಿದೆ. ಅವರು ಬಹಳ ಹೊತ್ತು ನೋಡಿಕೊಂಡರು.

"ಅಯ್ಯೋ, ನನ್ನ ಕೈ ಎಂಗಾಗ್ಬುಟ್ಟೈತೆ," ಎಂದರು.

"ಯಾವ ಕೈ?"

"ಇದೇ. ಎಡಗೈ. ಉಗುರು ನೋಡು, ದೆವ್ವದಂಗೆ."

ನಾನು ಕಂಬಳಿಯ ಮೇಲಿದ್ದ ಕೈಯನ್ನೇ ಎತ್ತಿ ಅವರ ಕಣ್ಣೆದುರು ಹಿಡಿದೆ. "ಇದು ಯಾರದು?"

"ಅಕ್ಕಂದು."

ಮತ್ತೆ ಕನ್ನಡಿಯತ್ತ ತೋರಿಸಿದೆ. "ಅದು?"

"ನಂದು."

ಎರಡಕ್ಕೂ ತಡವರಿಸಲಿಲ್ಲ. ಗುರುವಾರ ಸರ್‌ಗೆ ಹೇಳಿದಾಗ ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಮೇಲಿಂದ ನೋಡಿದರೆ ಬೇರೆಯವರ ಕೈ, ಎದುರಿಂದ ನೋಡಿದರೆ ತನ್ನದು! ನಾನು ಎಲ್ಲೂ ಓದಿಲ್ಲ ಮಾರಾಯ್ತಿ. ದಿನಾ ಕನ್ನಡಿ ಮುಂದೆ ಮಾಡಿಸು. ಬೇರೆ ಏನನ್ನೂ ಸೇರಿಸಬೇಡ. ಇದೊಂದೇ ಇಟ್ಟುಕೊಂಡು ಹೋದರೆ ಸೀಟು ನಿನ್ನದೇ."

ಹಾಗೇ ಮಾಡಿದೆ. ಕನ್ನಡಿಯ ಎದುರು ಅವರು ಎಡಗೈಯನ್ನು ಬಲಗೈಯಿಂದ ಎತ್ತಿದರು, ಎದೆಗೆ ತಂದರು, ಹೆಬ್ಬೆರಳು ಅಲುಗಿಸಲು ಪ್ರಯತ್ನಿಸಿದರು. ಕೆಲವು ದಿನಗಳಲ್ಲಿ ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ತಗುಲಿದವು. ಸಾಮಾನ್ಯವಾಗಿ ಮೊದಲು ಹೆಗಲು ಬರುತ್ತದೆ, ಬೆರಳು ಕೊನೆಗೆ. ಇಲ್ಲಿ ತಿರುಗಾಮುರುಗಾ ಆಗಿತ್ತು. ಎರಡು ಬೆರಳು ಹತ್ತಿ ಹೊಸೆಯುವಂತೆ ಒಂದನ್ನೊಂದು ಉಜ್ಜುತ್ತಿದ್ದವು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಯಜಮಾನರು ತಟ್ಟನೆ ಹೊರಗೆ ಹೋದರು. ಮಂಚದ ಎಡಗಡೆಗೆ ಅವರು ಒಮ್ಮೆಯೂ ಬಂದವರಲ್ಲ ಎಂಬುದು ಆಗ ನನ್ನ ಅರಿವಿಗೆ ಬಂತು.

ಮರುವಾರ ಹೋದಾಗ ಬೀರುವಿನ ಕನ್ನಡಿಗೆ ಹಳೆಯ ಸೀರೆ ಹೊದಿಸಿತ್ತು.

"ತೆಗೀಬೇಡ," ಎಂದರು ಯಜಮಾನಿ. ಅವರ ದನಿ ಅಷ್ಟು ಗಡುಸಾದದ್ದನ್ನು ಕೇಳಿರಲಿಲ್ಲ. "ಕನ್ನಡೀಲಿ ನಾನೊಬ್ಳೇ ಇದ್ದೀನಿ. ಅವ್ಳಿಲ್ಲ. ದಿನಾ ದಿನಾ ನೀನು ಅವ್ಳನ್ನ ಅಳಿಸ್ತಿದ್ದೀಯ."

"ಕೈ ನಿಮಗೆ ವಾಪಸ್ ಬರ್ತಿದೆ ಅಮ್ಮ."

"ಬರ್ತೈತೆ, ಗೊತ್ತು. ಆದ್ರೆ ಅವ್ಳು ಎಲ್ಲಿಗೋಗ್ಬೇಕು? ಕತ್ತಲ್ಲೂ ಜಾಗ ಇಲ್ಲ, ಹಾಸ್ಗೇಲೂ ಬೇಡ ಅಂದ್ರೆ? ಒಂದು ಹೆಣ್ಣನ್ನ ಎರಡು ಸಲ ಸಾಯಿಸ್ತಾರಾ ಯಾರಾದ್ರೂ?"

ಅಂದಿನಿಂದ ಕೈ ಮುಟ್ಟಲು ಬಿಡಲಿಲ್ಲ. ಕೇಳಿದರೆ ಉತ್ತರ ಒಂದೇ, "ಬೇಡ ಅಂದ್ಳು." ಬೆರಳುಗಳು ಮತ್ತೆ ಮುಷ್ಟಿಯಾದವು. ನಡುವೆ ಊರಿನ ದಾರಿಗೆ ಆನೆಗಳು ಇಳಿದು ಜೀಪು ನಿಂತುಹೋಗಿ ಕೆಲವು ದಿನ ನಾನು ಹೋಗಲಾಗಲಿಲ್ಲ. ಮತ್ತೆ ಹೋದಾಗ ಕೋಣೆಯಲ್ಲಿ ಒಂದು ಬಗೆಯ ಸಿಹಿ ವಾಸನೆಯಿತ್ತು. ಹೊರಗೆ ಕಾಫಿ ಹಣ್ಣು ಹುಳಿಯುವ ವಾಸನೆ ಎಂದುಕೊಂಡೆ. ಅದಾಗಿರಲಿಲ್ಲ. ಮುಷ್ಟಿಯೊಳಗೆ ಉಗುರುಗಳು ಅಂಗೈಗೆ ನಾಟಿ ಕೀವಾಗಿತ್ತು. ಅವರಿಗೆ ನೋವಿರಲಿಲ್ಲ. ಬೇರೆಯವರ ಕೈಯಲ್ಲವೇ.

ಬಲವಂತವಾಗಿ ಬಿಡಿಸಿ ಗಾಯ ತೊಳೆದೆ. ಅಷ್ಟು ಹೊತ್ತೂ ಅವರು ಅಳುತ್ತಿದ್ದರು, ನೋವಿಗಲ್ಲ. "ಕ್ಷಮ್ಸು ಅಕ್ಕಾ, ಚಿಕ್ಕ ಹುಡ್ಗಿ, ಗೊತ್ತಾಗಲ್ಲ ಅದಕ್ಕೆ" ಎನ್ನುತ್ತಿದ್ದರು.

ಹೊರಗೆ ಬಂದು ಯಜಮಾನರನ್ನು ಹುಡುಕಿದೆ. ಕಣದಲ್ಲಿ ಒಬ್ಬರೇ ಕಾಫಿ ಎಳೆಯುತ್ತಿದ್ದರು. ಸೋಂಕು ಏರಿದರೆ ಕೈಯೇ ಹೋಗಬಹುದು, ಆ ಬಿಲ್ಲೆಯನ್ನು ದೇವರ ಪೆಟ್ಟಿಗೆಯಿಂದ ತೆಗೆದು ಈಗಲೇ ಅವರ ಕತ್ತಿಗೆ ಹಾಕಿ ಎಂದೆ. ಅವರು ಹಲುಬೆ ನಿಲ್ಲಿಸಲಿಲ್ಲ.

"ಇಲ್ಲ ಮೇಡಂ ಅದು. ಹಾಸನ್ದಿಂದ ಬರೋವಾಗ ಸಕ್ಲೇಶಪುರದ ಸೇತ್ವೆ ಮೇಲಿಂದ ಹೊಳೆಗೆ ಹಾಕ್ಬುಟ್ಟೆ."

"ಯಾಕೆ?"

"ಇವ್ಳನ್ನ ಹೊಡೆದು ಮಲಗ್ಸಿದ್ದು ಅವ್ಳೇ ಅಂತ ತಿಳ್ಕಂಡೆ. ಇಷ್ಟು ವರ್ಷ ಸೀರೆ ಹೂವು ತಗೊಂಡೂ ಹಿಂಗ್ ಮಾಡಿದ್ಳಲ್ಲ, ಹೋಗು ಅತ್ಲಾಗೆ ಅಂತ." ಒಂದು ಸಾಲು ಪೂರ್ತಿ ಎಳೆದು ಆಮೇಲೆ ಹೇಳಿದರು. "ಆ ಬೆರಳು ಉಜ್ಜೋದು ನೋಡಿದ್ರಲ್ಲ? ಬತ್ತಿ ಹೊಸೆಯೋವಾಗ ಅವ್ಳು ಹಂಗೇ ಮಾಡೋಳು. ಎಡಗೈಲಿ. ಎಡಚಿ ಅವ್ಳು. ಇವ್ಳಿಗೆ ನಾನು ಯಾವತ್ತೂ ಅದನ್ನ ಹೇಳಿಲ್ಲ."

ಊರಿನಲ್ಲಿ ಬೇರೆ ಯಾರಾದರೂ ಹೇಳಿರಬಹುದು. ಇಷ್ಟು ವರ್ಷದಲ್ಲಿ ಒಬ್ಬರೂ ಹೇಳದೆ ಇರಲು ಸಾಧ್ಯವೇ? ಹಾಗೆಂದುಕೊಂಡೇ ಜೀಪು ಹತ್ತಿದೆ. ಚಳಿಯಿರಲಿಲ್ಲ, ಆದರೂ ಎಡಗಡೆಯ ಕಿಟಕಿಯ ಪರದೆ ಇಳಿಸಿ ಕೂತೆ.

ಯಜಮಾನರು ಕೊನೆಗೆ ಹೆಂಡತಿಗೆ ನಿಜ ಹೇಳಿದರು. ಆಕೆ ಬೈಯಲಿಲ್ಲ. ಇನ್ನೊಂದು ಮಾಡಿಸಿ ಎಂದರು. ಆದರೆ ಬಿಲ್ಲೆ ಮಾಡಿಸಿ ತಂದರೆ ಸಾಲದು. ಹೊಳೆಗೆ ಹಾಕಿದವರ ಮನೆಗೆ ಅಕ್ಕ ಸುಮ್ಮನೆ ಬರುವುದಿಲ್ಲ. ಅಕ್ಕನ ಬದಲಿಗೆ ಒಬ್ಬ ಹೆಣ್ಣುಮಗಳು ಮಣೆ ಮೇಲೆ ಕೂರಬೇಕು. ಅರಿಸಿನ ಕುಂಕುಮ, ಸೀರೆ, ಬಳೆ ತೆಗೆದುಕೊಂಡು, ಮೊದಲ ಎಡೆ ತಾನು ಉಂಡು, ತನ್ನ ಕೈಯಾರೆ ಬಿಲ್ಲೆಯನ್ನು ಯಜಮಾನಿಗೆ ಕಟ್ಟಬೇಕು.

ಊರಿನ ಯಾವ ಹೆಂಗಸೂ ಒಪ್ಪಲಿಲ್ಲ. ಸತ್ತವಳಾಗಿ ಕೂರಲು ಯಾರಿಗೆ ಧೈರ್ಯ? ಪಕ್ಕದ ಮನೆಯಾಕೆ ನನ್ನ ಎದುರೇ ಹೇಳಿದಳು: "ಈ ಕರೆಂಟ್ ಡಾಕ್ಟ್ರಮ್ಮನೇ ಕೂರ್ಲಿ ಬುಡಿ. ದಿನಾ ಅವ್ಳ ಕೈ ಹಿಡಿದು ಎಳೆದಾಡೋದು ಈಯಮ್ಮನೇ ತಾನೆ?"

"ನನಗೆ ಮದುವೆಯಾಗಿಲ್ಲ," ಎಂದೆ.

"ಅದೇನ್ ಆಗ್ಬೇಕಂತಿಲ್ಲ ಕಣಮ್ಮ. ಊಟ ಸರಿಯಾಗಿ ಮಾಡೋಕೆ ಬರ್ತದಾ? ಅಷ್ಟು ಸಾಕು."

ಯಜಮಾನಿ ನನ್ನತ್ತ ನೋಡಲು ತಲೆ ಎಡಕ್ಕೆ ತಿರುಗಿಸಿದರು. ತಾವಾಗಿಯೇ, ಯಾರೂ ಹೇಳದೆ, ಎಡಕ್ಕೆ. ಮೂರು ತಿಂಗಳಿಗೆ ಬಹಳ ದಿನ ಉಳಿದಿರಲಿಲ್ಲ. ತಲೆ ಹೀಗೆ ತಿರುಗಲೆಂದೇ ನಾನು ಇಷ್ಟು ದಿನ ಆ ಎಡಗಡೆ ಕೂತಿದ್ದೆ.

ಸರ್ ಸ್ಪಷ್ಟವಾಗಿ ಹೇಳಿದರು: "ಕನ್ನಡಿಯಿಂದ ಕೈ ಬಂತು ಅಂತ ಹೇಳಿದರೆ ನಿಂತು ಕೇಳುತ್ತಾರೆ. ಪೂಜೆಗೆ ಕೂತೆ ಅಂತ ಹೇಳಿದರೆ ನಿನ್ನನ್ನೂ ನೋಡಿ ನಗುತ್ತಾರೆ, ಕಳಿಸಿದ ನನ್ನನ್ನೂ ನೋಡಿ ನಗುತ್ತಾರೆ. ಆಸ್ಪತ್ರೆಗೆ ಹಾಕಿಸು, ಗಾಯ ಒಣಗಲಿ, ಕನ್ನಡಿ ಮುಂದುವರಿಸು."

"ಅವರು ಕನ್ನಡಿ ನೋಡಲ್ಲ ಸರ್."

"ಹಾಗಾದರೆ ಇಲ್ಲಿಯವರೆಗೆ ಆದದ್ದನ್ನು ಮಂಡಿಸು. ಮಿಕ್ಕಿದ್ದು ಬಿಡು."

ಅದೂ ಒಂದು ದಾರಿಯಾಗಿತ್ತು. ಅಲ್ಲಿಯವರೆಗಿನ ಅಳತೆಗಳೇ ಸೀಟಿಗೆ ಸಾಕಾಗುತ್ತಿದ್ದವು. ಆದರೆ ಆ ಮುಷ್ಟಿ ಹಾಗೇ ಮುಚ್ಚಿಕೊಂಡು ಉಳಿಯುತ್ತಿತ್ತು. ಇಡೀ ದಿನ ಯೋಚಿಸಿದೆ. ಕೂರುತ್ತೇನೆ, ಆದದ್ದನ್ನು ಆದಂತೆಯೇ ಮಂಡಿಸುತ್ತೇನೆ ಎಂದು ಸರ್‌ಗೆ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡರು. "ನಿನ್ನ ಇಷ್ಟ. ಕೊನೆ ಪರೀಕ್ಷೆಗೆ ನಾನು ಬರ್ತೀನಿ. ಕಂಡದ್ದನ್ನು ಕಂಡೆ ಅಂತೀನಿ, ಅಷ್ಟೆ."

ಹಾಡುಹಗಲಿನಲ್ಲಿ ನಡೆದ ಕೆಲಸ. ಮಂತ್ರವಿರಲಿಲ್ಲ, ಪುರೋಹಿತರಿರಲಿಲ್ಲ. ಯಜಮಾನಿಯನ್ನು ಕುರ್ಚಿಯಲ್ಲಿ ಕೂರಿಸಿ, ಎದುರಿನ ಮಣೆಯ ಮೇಲೆ ನಾನು ಕೂತೆ. ಸೊಸೆ ನನ್ನ ಹಣೆಗೆ ಕುಂಕುಮ ಹಚ್ಚಿದಳು, ಹಸಿರು ಬಳೆ ತೊಡಿಸಲು ಬಂದಳು. ಬಲಗೈ ಮುಂದೆ ಮಾಡಿದೆ. "ಅದಲ್ಲ," ಎಂದರು ಯಜಮಾನಿ. ಎಡಗೈ ಕೊಟ್ಟೆ. ಗೋಡೆಗೆ ಒರಗಿದ್ದ ಯಜಮಾನರು ಕಣ್ಣು ಮುಚ್ಚಿಕೊಂಡರು.

ಎಡೆಯಲ್ಲಿ ಅಕ್ಕಿರೊಟ್ಟಿ, ಹೆಸರುಕಾಳಿನ ಪಲ್ಯ, ಪಾಯಸ ಇದ್ದವು. ನಾನು ಉಣ್ಣುವುದನ್ನು ಹನ್ನೆರಡು ಜನ ನಿಂತು ನೋಡುತ್ತಿದ್ದರು. ಯಾರೂ ನನ್ನ ಹೆಸರು ಹಿಡಿದು ಕರೆಯಲಿಲ್ಲ, ಮೇಡಂ ಎನ್ನಲಿಲ್ಲ. "ಇನ್ನೊಂಚೂರು ಹಾಕು ಅವ್ಳಿಗೆ" ಎಂದು ಪಕ್ಕದ ಮನೆಯಾಕೆ ಪಿಸುಗುಟ್ಟಿದಳು. ಬೆಳಿಗ್ಗೆಯಿಂದ ನನಗೆ ಹಸಿವಿರಲಿಲ್ಲ. ಆದರೂ ಎಲೆಯಲ್ಲಿದ್ದುದೆಲ್ಲ ಖಾಲಿಯಾಯಿತು. ಪಾಯಸವನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡೆನೆಂದು ಆಮೇಲೆ ಸೊಸೆ ಹೇಳಿದಳು. ಕೇಳಿದ ನೆನಪು ನನಗಿಲ್ಲ.

ಬಿಲ್ಲೆಯ ದಾರವನ್ನು ಕಟ್ಟಲು ಎದ್ದೆ. ಗಂಟು ಹಾಕುವಾಗ ಯಜಮಾನಿ ನನ್ನ ಕಿವಿಯ ಹತ್ತಿರ, ತಗ್ಗಿದ ದನಿಯಲ್ಲಿ ಕೇಳಿದರು: "ಉಗುರು ತೆಗೆಸ್ಲಾ ಅಕ್ಕಾ?"

ಕಾದೆ. ನಾನೇ ಉತ್ತರಿಸಬೇಕೆಂಬುದು ಹೊಳೆದದ್ದು ತಡವಾಗಿ. "ಹ್ಞೂಂ," ಎಂದೆ. ದನಿ ಒಣಗಿತ್ತು, ಅಷ್ಟೆ.

ಉಗುರು ಕತ್ತರಿ ನನ್ನ ಚೀಲದಲ್ಲೇ ಇತ್ತು. ಒಂದೊಂದಾಗಿ ಬೆರಳು ಬಿಡಿಸಿದೆ. ಕೈ ಬಿಗಿಯಲಿಲ್ಲ. ಕತ್ತರಿಸಿದ ಉಗುರುಗಳನ್ನು ಸೊಸೆ ಬಾಳೆಲೆಯ ಚೂರಿನಲ್ಲಿ ಮಡಚಿಕೊಂಡು ಹೋದಳು. ಎಲ್ಲಿ ಹಾಕಿದಳೆಂದು ಕೇಳಲಿಲ್ಲ.

ಕೊನೆಯ ಪರೀಕ್ಷೆಗೆ ಸರ್ ಬಂದದ್ದು ಗಾಯ ಒಣಗಿದ ಮೇಲೆ, ಸಂದರ್ಶನದ ಹಿಂದಿನ ದಿನ. ಅಷ್ಟರಲ್ಲಿ ಯಜಮಾನಿಯೇ ಕನ್ನಡಿಯ ಸೀರೆ ತೆಗೆಸಿದ್ದರು. ಸರ್ ಅವರ ಎಡಕ್ಕೆ ನಿಂತು, ಕಂಬಳಿಯ ಮೇಲಿನ ಕೈ ಮುಟ್ಟಿ ಕೇಳಿದರು: "ಇದು ಯಾರ ಕೈ?"

"ನಂದೇ. ಇನ್ಯಾರ್ದು?" ಎಂದು ಯಜಮಾನಿ ನಕ್ಕರು. ಈ ಸಲ ಎಡಗೆನ್ನೆಯೂ ಸ್ವಲ್ಪ ಅಲುಗಿತು. ಬಲಗೈಯನ್ನು ಅಡ್ಡ ತಂದು ಎಡ ಮಣಿಕಟ್ಟನ್ನು ತಾವಾಗಿ ಹಿಡಿದರು. ಲೋಟವನ್ನು ಎರಡೂ ಕೈಯಲ್ಲಿ ಎತ್ತಿದರು. ತಟ್ಟೆಯನ್ನು ಪೂರ್ತಿ ಖಾಲಿ ಮಾಡಿದರು. ಸರ್ ಎಲ್ಲವನ್ನೂ ನೋಡಿ ತಲೆಯಾಡಿಸಿದರು. ಆಮೇಲೆ ಕಣದಲ್ಲಿ ಯಜಮಾನರೊಡನೆ ಕಾಫಿ ಕುಡಿಯಲು ಹೋದರು.

ನಾನು ಸಾಮಾನು ಕಟ್ಟಿಕೊಳ್ಳುತ್ತಿದ್ದೆ. ಯಜಮಾನಿ ಕರೆದು ನನ್ನ ಎಡಗೈಯನ್ನು ತಮ್ಮ ಎರಡೂ ಕೈಗಳ ನಡುವೆ ತೆಗೆದುಕೊಂಡರು. ಬಳೆಗಳನ್ನು ನಾನು ಮಣೆ ಮೇಲೆ ಕೂತ ದಿನ ಸಂಜೆಯೇ ತೆಗೆದಿಟ್ಟಿದ್ದೆ. ನಮ್ಮ ಕೆಲಸದಲ್ಲಿ ಬಳೆ ತೊಡುವಂತಿಲ್ಲ. ಅವರು ಬರಿಯ ಮಣಿಕಟ್ಟನ್ನು ಸವರಿದರು.

"ಹಿತವಾಗೈತಾ ಅಕ್ಕಾ ಇಲ್ಲಿ?" ಎಂದು ಕೈಯನ್ನು ಕೇಳಿದರು.

"ಅಮ್ಮ, ಅವರು ನಿಮ್ಮ ಕತ್ತಿನಲ್ಲಿದಾರಲ್ಲ," ಎಂದೆ. ಬಿಲ್ಲೆ ಅವರ ಎದೆಯ ಮೇಲೆ ಹೊಳೆಯುತ್ತಿತ್ತು.

"ಅದು ಅವ್ಳ ಮನೆ ಕಣ್ ಮಗಾ. ಮನೇಲೇ ಕೂತಿರ್ತಾರಾ ಯಾರಾದ್ರೂ ಮೂರು ಹೊತ್ತೂ?" ಕೈಯನ್ನು ನನ್ನ ಮಡಿಲಿಗೆ ಜೋಪಾನವಾಗಿ ಇಟ್ಟರು, ಮಲಗಿದ ಕೂಸನ್ನು ಇಳಿಸುವ ಹಾಗೆ. "ಇಷ್ಟು ವರ್ಷ ಈ ಬೆಟ್ಟ ಬಿಟ್ಟು ಎಲ್ಲೂ ಹೋಗಿಲ್ಲ. ಘಾಟಿ ಇಳಿಸಿ ತೋರ್ಸ್ಕೊಂಡು ಬಾ."

ಇದನ್ನು ಸರ್‌ಗೆ ಹೇಳಲಿಲ್ಲ. ಪರೀಕ್ಷೆ ಮುಗಿದಿತ್ತು.

ಮರುದಿನ ಬೆಳಿಗ್ಗೆ ಸಕಲೇಶಪುರದ ನನ್ನ ಬಾಡಿಗೆ ಕೋಣೆಯ ಮೆಟ್ಟಿಲ ಮೇಲೆ ಕೂತು ಸಂದರ್ಶನಕ್ಕೆ ಉಗುರು ಕತ್ತರಿಸಿಕೊಂಡೆ. ಮೊದಲು ಬಲಗೈಯವು. ಆಮೇಲೆ ಎಡಗೈಯನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡೆ. ವಾರದಿಂದ ಮರೆತಿದ್ದೆನೆಂದು ಕಾಣುತ್ತದೆ, ಸಾಕಷ್ಟು ಬೆಳೆದಿದ್ದವು. ಕತ್ತರಿಯನ್ನು ಹೆಬ್ಬೆರಳಿಗೆ ತಂದು ನಿಲ್ಲಿಸಿದೆ. ಬೀದಿಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು, ತಗ್ಗಿದ ದನಿಯಲ್ಲಿ ಕೇಳಿದೆ. ಕಾದೆ. ಮಂಜಿನೊಳಗೆ ಮಂಗಳೂರಿನ ಬಸ್ಸು ಹಾರ್ನ್ ಹೊಡೆಯುವವರೆಗೂ ಕಾದೆ. ಆಮೇಲೆ ಕತ್ತರಿಯನ್ನು ಮಡಚಿ ಚೀಲಕ್ಕೆ ಹಾಕಿ, ಆ ಐದು ಉಗುರುಗಳನ್ನು ಹಾಗೇ ಇಟ್ಟುಕೊಂಡು ಬಸ್ಸು ಹತ್ತಿದೆ.